ಪುಕ್ಕಟೆ ಮಿಕ್ಸ್‌ಟೇಪ್ ಆಲ್ಬಂಗಿಂತ ಚೆನ್ನಾಗಿರೋದು ಹೇಗೆ?

ಪ್ರಶ್ನೆ: ಎರಡು ವರ್ಷದಿಂದ ಹಿಪ್‌ಹಾಪ್ ಕೇಳುತ್ತಿದ್ದೇನೆ. ಅಮೆರಿಕದ ರ‍್ಯಾಪರ್ ಲಿಲ್ ವೇನ್‌ನ 'ದ ಕಾರ್ಟರ್ 3' ಆಲ್ಬಂ ನನಗೆ ತುಂಬ ಇಷ್ಟ. ಆದರೆ ಹಳೇ ಕೇಳುಗರು "ಅವನ ಅಸಲಿ ಕೆಲಸ ಇರೋದು ಮಿಕ್ಸ್‌ಟೇಪ್‌ಗಳಲ್ಲಿ, 'ಡಾ ಡ್ರೌಟ್ 3' ಕೇಳು" ಅನ್ನುತ್ತಾರೆ. ಆ್ಯಪ್‌ನಲ್ಲಿ ಹುಡುಕಿದೆ, ಸಿಗಲಿಲ್ಲ. 'ನೋ ಸೀಲಿಂಗ್ಸ್' ಸಿಕ್ಕಿತು, ಆದರೆ ಅದರಲ್ಲೂ ಎಷ್ಟೋ ಹಾಡುಗಳೇ ಇಲ್ಲ ಅಂತಾರೆ. ದುಡ್ಡು ಸುರಿದು ಮಾಡಿದ ಆಲ್ಬಂಗಿಂತ ಪುಕ್ಕಟೆ ಹಂಚಿದ್ದು ಚೆನ್ನಾಗಿರೋದು ಹೇಗೆ? ಎರಡಕ್ಕೂ ನಿಜವಾದ ವ್ಯತ್ಯಾಸ ಏನು? ಯಾವುದನ್ನು ಹೇಗೆ ಕೇಳಬೇಕು?

ಉತ್ತರ: 'ಡಾ ಡ್ರೌಟ್ 3' ನಿಮಗೆ ಆ್ಯಪ್‌ನಲ್ಲಿ ಸಿಗದೆ ಇರೋದಕ್ಕೂ, ಅದು ಅಷ್ಟು ಚೆನ್ನಾಗಿರೋದಕ್ಕೂ ಕಾರಣ ಒಂದೇ. ಅದನ್ನು ಮಾಡುವಾಗ ವೇನ್ ಯಾರ ಅನುಮತಿಯನ್ನೂ ಕೇಳಲಿಲ್ಲ.

ಮಿಕ್ಸ್‌ಟೇಪ್ ಅಂದರೆ ಅರೆಬೆಂದ ಆಲ್ಬಂ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಡು ಕಮ್ಮಿ, ಖರ್ಚು ಕಮ್ಮಿ, ತಯಾರಿ ಕಮ್ಮಿ ಅಂತ ಲೆಕ್ಕ. ಹಾಗೇನಿಲ್ಲ. 'ಡಾ ಡ್ರೌಟ್ 3' ಎರಡು ಸಿಡಿ ತುಂಬುವಷ್ಟಿದೆ. ರ‍್ಯಾಪರ್ ನಾಸ್‌ನ 'ಇಲ್‌ಮ್ಯಾಟಿಕ್' ಆಲ್ಬಂ 40 ನಿಮಿಷವೂ ಇಲ್ಲ. ದುಡ್ಡಿನ ಲೆಕ್ಕದಲ್ಲೂ ಬೇರೆ ಮಾಡೋಕೆ ಆಗಲ್ಲ. ಮಿಕ್ಸ್‌ಟೇಪ್ ಮಾರಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಗೆರೆ ಎಳೆಯೋದು ಅನುಮತಿಯ ಹತ್ತಿರ. ಲೇಬಲ್ (ಹಾಡು ಹೊರತರುವ ಕಂಪನಿ), ವಕೀಲ, ಬೀಟ್ (ರ‍್ಯಾಪ್ ಹಿಂದೆ ಓಡುವ ಸಂಗೀತ) ಮಾಡಿದವನು, ಸ್ಯಾಂಪಲ್‌ನ (ಬೇರೆ ಹಾಡಿನಿಂದ ಎತ್ತಿದ ತುಣುಕಿನ) ಮೂಲ ಹಾಡಿನ ಒಡೆಯ, ಇಷ್ಟೂ ಜನರ ಸಹಿ ಬಿದ್ದ ಮೇಲೆ ಹೊರಬರೋದು ಆಲ್ಬಂ. ಆ ಸಹಿಗಳಿಗೆ ಕಾಯದೆ ಹೊರಬಿದ್ದದ್ದು ಮಿಕ್ಸ್‌ಟೇಪ್. ಅದರ ಬಿಸಿ, ಅದರ ಎಡವಟ್ಟು, ಆಮೇಲೆ ಅದು ಕಾಣೆಯಾಗೋದು, ಎಲ್ಲವೂ ಇಲ್ಲಿಂದಲೇ ಶುರು.

ವಯಸ್ಸಿನಲ್ಲಿ ಮಿಕ್ಸ್‌ಟೇಪೇ ಅಣ್ಣ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಮಾಡಿದ ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟುದಿನ ಅನ್ನುತ್ತಾರೆ. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಹಿಟ್ ಆಗುವವರೆಗೆ ಅಂಗಡಿಗೆ ಹೋಗಿ ಕೊಳ್ಳೋಕೆ ಹಿಪ್‌ಹಾಪ್ ರೆಕಾರ್ಡ್ ಅಂತ ಏನೂ ಇರಲಿಲ್ಲ ಅಂದರೂ ಸರಿಯೇ. ಇದ್ದದ್ದು ಕ್ಯಾಸೆಟ್. ಪಾರ್ಟಿಯಲ್ಲಿ ಡಿಜೆ ನುಡಿಸಿದ್ದನ್ನು ಹಾಗೇ ಹಿಡಿದು, ನಕಲು ಮಾಡಿ, ಕೈಯಿಂದ ಕೈಗೆ ದಾಟಿಸುತ್ತಿದ್ದರು. ಆಮೇಲೆ ಕಿಡ್ ಕ್ಯಾಪ್ರಿ, ರಾನ್ ಜಿ, ಡಿಜೆ ಕ್ಲೂ ಇವರೆಲ್ಲ ಬಂದರು. ರಾನ್ ಜಿ ಒಬ್ಬನ ದನಿಯನ್ನು ಇನ್ನೊಬ್ಬನ ಬೀಟ್ ಮೇಲೆ ಕೂರಿಸೋದರಲ್ಲಿ ಎತ್ತಿದ ಕೈ. ಕ್ಲೂ ಇನ್ನೂ ಬಿಡುಗಡೆಯಾಗದ ಹಾಡುಗಳನ್ನು ಎಲ್ಲಿಂದಲೋ ತಂದು ಮೊದಲು ಕೇಳಿಸುತ್ತಿದ್ದ. ಅಲ್ಲಿಯವರೆಗೂ ಮಿಕ್ಸ್‌ಟೇಪ್ ಮೇಲೆ ದೊಡ್ಡದಾಗಿ ಇರುತ್ತಿದ್ದದ್ದು ಡಿಜೆ ಹೆಸರು. ರ‍್ಯಾಪರ್ ಅದರಲ್ಲಿ ಬಂದುಹೋಗುವ ನೆಂಟ.

ಈ ಲೆಕ್ಕವನ್ನು ತಿರುಗಿಸಿದವನು 50 ಸೆಂಟ್ ಅನ್ನೋ ರ‍್ಯಾಪರ್. ಅವನ ಮೊದಲ ಆಲ್ಬಂ ಸಿದ್ಧವಾಗಿತ್ತು. 2000ನೇ ಇಸವಿಯ ಮೇ ತಿಂಗಳಲ್ಲಿ ಅವನ ಮೇಲೆ ಗುಂಡಿನ ದಾಳಿ ಆಯಿತು, ಒಂಬತ್ತು ಗುಂಡು ಬಿತ್ತು. ಬದುಕಿಕೊಂಡ. ಆದರೆ ಕೊಲಂಬಿಯಾ ಲೇಬಲ್ ಅವನನ್ನು ಕೈಬಿಟ್ಟಿತು, ಆಲ್ಬಂ ಮೂಲೆ ಸೇರಿತು. ಲೇಬಲ್ ಇಲ್ಲ, ಅಂಗಡಿ ಇಲ್ಲ, ರೇಡಿಯೊ ಇಲ್ಲ. 2002ರಲ್ಲಿ ತನ್ನ ಜಿ-ಯೂನಿಟ್ ಗುಂಪಿನ ಜೊತೆ '50 ಸೆಂಟ್ ಈಸ್ ದ ಫ್ಯೂಚರ್' ಅನ್ನೋ ಮಿಕ್ಸ್‌ಟೇಪ್ ಬಿಟ್ಟ. ಆಗ ಊರೆಲ್ಲ ಕೇಳುತ್ತಿದ್ದ ಹಿಟ್ ಹಾಡುಗಳ ಬೀಟ್‌ಗಳನ್ನೇ ಎತ್ತಿಕೊಂಡಿದ್ದ. ಅದರಲ್ಲೇನು ಹೊಸದು ಅನ್ನಬಹುದು. ಎಲ್ಲರೂ ಬೇರೆಯವರ ಬೀಟ್ ಮೇಲೆ ಒಂದಷ್ಟು ಸಾಲು ಫ್ರೀಸ್ಟೈಲ್ ಹೇಳಿ ಇಳಿದುಬಿಡುತ್ತಿದ್ದರು. ಇವನು ಅದೇ ಬೀಟ್‌ಗೆ ಹೊಸ ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಬರೆದ, ಹೊಸ ವರ್ಸ್ (ಚರಣ) ಬರೆದ, ಪೂರ್ತಿ ಹಾಡನ್ನೇ ಕಟ್ಟಿದ. ಕೇಳಿದವರಿಗೆ ಮೂಲ ಹಾಡಿಗಿಂತ ಇವನದೇ ಬಾಯಿಗೆ ಬರತೊಡಗಿತು. ಅದೇ ವರ್ಷ ಆಗಲೇ ದೊಡ್ಡ ಹೆಸರಾಗಿದ್ದ ರ‍್ಯಾಪರ್ ಎಮಿನೆಮ್ ಜೊತೆ ಕರಾರಾಯಿತು. 2003ರ ಫೆಬ್ರವರಿಯಲ್ಲಿ ಬಂದ 'ಗೆಟ್ ರಿಚ್ ಆರ್ ಡೈ ಟ್ರೈಯಿಂಗ್' ಮೊದಲ ವಾರವೇ ಅಮೆರಿಕದಲ್ಲಿ 8,72,000 ಪ್ರತಿ ಮಾರಾಟವಾಯಿತು.

ಆಮೇಲೆ ಲೇಬಲ್‌ಗಳು ಮಿಕ್ಸ್‌ಟೇಪ್ ಅನ್ನು ನೋಡುವ ಕಣ್ಣೇ ಬದಲಾಯಿತು. ಹೊಸಬನ ಹತ್ತಿರ "ಆಲ್ಬಂ ಇದೆಯಾ" ಅಂತ ಕೇಳುವ ಮೊದಲು "ಬೀದಿಯಲ್ಲಿ ಸದ್ದು ಇದೆಯಾ" ಅಂತ ಕೇಳತೊಡಗಿದರು.

ಈಗ ವೇನ್‌ಗೆ ಬರೋಣ. ನಿಮ್ಮ ಪ್ರಶ್ನೆ ಇರೋದು ಅಲ್ಲೇ. 'ಡಾ ಡ್ರೌಟ್ 3' ಬಂದದ್ದು 2007ರ ಏಪ್ರಿಲ್‌ನಲ್ಲಿ. ಅದರ ಒಂದು ಹಾಡು ಮೈಕ್ ಜೋನ್ಸ್‌ನ 'ಮಿಸ್ಟರ್ ಜೋನ್ಸ್' ಬೀಟ್ ಮೇಲಿದೆ. ನೀವು ಒಂದು ಕೆಲಸ ಮಾಡಿ. ಮೊದಲು ಮೈಕ್ ಜೋನ್ಸ್‌ನ ಹಾಡು ಎರಡು ಸಲ ಕೇಳಿ. ತಪ್ಪೇನಿಲ್ಲದ ಹಾಡು, ಆದರೆ ಮುಗಿದ ಮೇಲೆ ನೆನಪಲ್ಲಿ ಜಾಸ್ತಿ ಏನೂ ಉಳಿಯಲ್ಲ. ಆಮೇಲೆ ವೇನ್‌ನದ್ದು ಹಾಕಿ. ಅದೇ ಡ್ರಮ್, ಅದೇ ರಾಗ. ಆದರೆ ಬೀಟ್ ಒಳಗೆ ಇಷ್ಟು ಜಾಗ ಇತ್ತಾ ಅನ್ನಿಸುತ್ತೆ. ಸಾಲು ಮುಗಿಯಬೇಕಾದ ಕಡೆ ಮುಗಿಸಲ್ಲ, ಮುಂದಿನ ತಾಳಕ್ಕೆ ಚೆಲ್ಲಿಬಿಡುತ್ತಾನೆ. ಉಸಿರು ಎಳೆದುಕೊಂಡದ್ದು ಕೇಳಿಸುತ್ತೆ. ನಡುವೆ ತನ್ನ ಮಾತಿಗೆ ತಾನೇ ನಗುತ್ತಾನೆ. ಆಲ್ಬಂನಲ್ಲಿ ಆ ನಗುವನ್ನು ಯಾರಾದರೂ ಎಂಜಿನಿಯರ್ ಕತ್ತರಿಸಿ ಎಸೆದಿರುತ್ತಿದ್ದ.

ಬಿಯಾನ್ಸೆಯ 'ಅಪ್‌ಗ್ರೇಡ್ ಯು' ಬೀಟ್ ಅನ್ನೂ ಅವನು ಅದರಲ್ಲಿ ಬಿಟ್ಟಿಲ್ಲ. ಯೋಚನೆ ಮಾಡಿ, ಆಲ್ಬಂಗೆ ಅಂತ ಆ ಬೀಟ್ ಕೊಡಿ ಅಂತ ಯಾರು ಹೋಗಿ ಕೇಳುತ್ತಾರೆ? ಕೇಳಿದರೂ ಯಾರು ಕೊಡುತ್ತಾರೆ? ಮಿಕ್ಸ್‌ಟೇಪ್‌ನಲ್ಲಿ ಆ ವರ್ಷದ ಅತ್ಯುತ್ತಮ ಬೀಟ್‌ಗಳೆಲ್ಲ ಅವನ ಕೈಗೆ ಒಂದೇ ಸಲ ಸಿಕ್ಕವು. ಯಾವ ಲೇಬಲ್‌ನ ಖಜಾನೆಗೂ ಅಷ್ಟು ಬೀಟ್ ಕೊಳ್ಳುವ ತಾಕತ್ತಿರಲಿಲ್ಲ. ಪುಕ್ಕಟೆ ಮಿಕ್ಸ್‌ಟೇಪ್ ದುಬಾರಿ ಆಲ್ಬಂ ಅನ್ನು ಮೀರಿಸೋದು ಹೇಗೆ ಅಂತ ಕೇಳಿದಿರಲ್ಲ, ಅದರಲ್ಲಿದ್ದ ಕಚ್ಚಾ ಮಾಲೇ ಆಲ್ಬಂನದಕ್ಕಿಂತ ದುಬಾರಿ. ಬೆಲೆ ಮಾತ್ರ ಯಾರೂ ಕೊಟ್ಟಿರಲಿಲ್ಲ.

ಇನ್ನೊಂದು ಕಾರಣ, ಸಿಂಗಲ್‌ನ, ಅಂದರೆ ರೇಡಿಯೊಗೆ ಅಂತ ಬಿಡಿಯಾಗಿ ಬಿಡುವ ಹಾಡಿನ, ಹಂಗಿಲ್ಲ. ಆಲ್ಬಂ ಮಾಡುವಾಗ ರೇಡಿಯೊಗೆ ಒಂದು, ಕ್ಲಬ್ಬಿಗೆ ಒಂದು, ಹುಡುಗಿಯರಿಗೆ ಅಂತ ಒಂದು, ಹೀಗೆ ಹಂಚುವ ಚಾಳಿ ಆ ಕಾಲದ ಲೇಬಲ್‌ಗಳಿಗೆ ಬಲವಾಗಿತ್ತು. 2000ರ ದಶಕದ ಎಷ್ಟೋ ಆಲ್ಬಂಗಳಲ್ಲಿ ನಾಲ್ಕನೇ ಹಾಡಿಗೆ ಬಂದಾಗ "ಓ, ಇದು ರೇಡಿಯೊಗೆ ಮಾಡಿದ್ದು" ಅಂತ ಥಟ್ಟನೆ ಗೊತ್ತಾಗುತ್ತೆ. ಮಿಕ್ಸ್‌ಟೇಪ್‌ಗೆ ಆ ಹರಕೆ ತೀರಿಸುವ ಕೆಲಸ ಇಲ್ಲ. ಹುಕ್ ಇಲ್ಲದೆ ಐದು ನಿಮಿಷ ಬರೀ ರ‍್ಯಾಪ್ ಮಾಡಿದರೂ ಕೇಳುವವರಿಲ್ಲ, ಅಂದರೆ ಹೇಳುವ ಕೇಳುವ ಯಜಮಾನರಿಲ್ಲ.

ಕ್ಲಿಪ್ಸ್ ಅನ್ನೋ ರ‍್ಯಾಪ್ ಜೋಡಿಯ ಕಥೆಯೂ ಇದೇ. 2002ರಲ್ಲಿ ಆಲ್ಬಂ ಮಾಡಿ ಹೆಸರು ಪಡೆದರು. ಆಮೇಲೆ ಲೇಬಲ್‌ಗಳ ಕಿತ್ತಾಟದ ಮಧ್ಯೆ ಸಿಕ್ಕಿ ಮುಂದಿನ ಆಲ್ಬಂ ಬರೋಕೆ 2006ರ ನವೆಂಬರ್ ಆಯಿತು. ಆ ನಾಲ್ಕು ವರ್ಷ ಸುಮ್ನೆ ಕೂತಿದ್ದರೆ ಜನ ಮರೆತೇಬಿಡುತ್ತಿದ್ದರು. 'ವಿ ಗಾಟ್ ಇಟ್ ಫಾರ್ ಚೀಪ್' ಮಿಕ್ಸ್‌ಟೇಪ್‌ಗಳು ಅವರನ್ನು ಉಳಿಸಿದವು. ಅದರ ಎರಡನೇ ಭಾಗವನ್ನು ನಾನು ಅವರ ಯಾವ ಆಲ್ಬಂಗೂ ಕಮ್ಮಿ ಅನ್ನಲ್ಲ. ಲೇಬಲ್ ಮೇಲಿನ ಸಿಟ್ಟು ಪ್ರತಿ ಸಾಲಲ್ಲೂ ಕೇಳಿಸುತ್ತೆ.

ಡಿಜೆ ಕೂಗಾಟದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಯಾಕೆಂದರೆ ಹೊಸಬರು ಮಿಕ್ಸ್‌ಟೇಪ್ ಬಿಟ್ಟು ಓಡೋದು ಇದರಿಂದಲೇ. ಹಾಡು ಚೆನ್ನಾಗಿ ಹೋಗುತ್ತಿರುತ್ತೆ, ಒಳ್ಳೆ ಸಾಲು ಬರುವ ಹೊತ್ತಿಗೆ ಡಿಜೆ ತನ್ನ ಹೆಸರು ಕೂಗುತ್ತಾನೆ. ಮೊದಮೊದಲು ನನಗೂ ತಲೆ ಚಿಟ್ಟು ಹಿಡಿಯುತ್ತಿತ್ತು. ಅದಕ್ಕೊಂದು ಕಾರಣ ಇತ್ತು. ಯಾರಿಗೂ ಸಿಗದ ಹಾಡು ತನ್ನ ಹತ್ತಿರ ಇದ್ದಾಗ, ಇನ್ನೊಬ್ಬ ಡಿಜೆ ಅದನ್ನು ನಕಲು ಮಾಡಿ ತನ್ನದು ಅನ್ನಬಾರದಲ್ಲ? ಅದಕ್ಕೆ ಮುದ್ರೆ ಒತ್ತಿದ ಹಾಗೆ ಮೇಲೆ ಕೂಗೋದು. ಈಗ ಆ ಕೂಗಿಲ್ಲದ ಶುದ್ಧ ಪ್ರತಿ ಸಿಕ್ಕರೆ ನನಗೇ ಏನೋ ಸಪ್ಪೆ ಅನ್ನಿಸುತ್ತೆ. ಅಭ್ಯಾಸ ಅಷ್ಟೇ.

ಇನ್ನು ಅನುಮತಿ ಕೇಳದ್ದಕ್ಕೆ ತೆರುವ ಬೆಲೆ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗದ್ದು ಒಂದು, ರೆಕಾರ್ಡ್ ಆದ ದನಿಯದ್ದು ಇನ್ನೊಂದು. ಅಮೆರಿಕದ ಕಾನೂನಿನಲ್ಲಿ ಬೇರೆಯವರ ಹಾಡನ್ನು ನೀವು ಹೊಸದಾಗಿ ನುಡಿಸಿ ಹಾಡಿದರೆ ಗೊತ್ತಾದ ಶುಲ್ಕ ಕಟ್ಟಿ ಪಾರಾಗಬಹುದು. ಸಾಹಿತ್ಯ ಬದಲಿಸಿದರೆ ಹಾಡಿನ ಹಕ್ಕಿನವರನ್ನು ಕೇಳಬೇಕು, ಅವರ ರೆಕಾರ್ಡಿಂಗನ್ನೇ ಎತ್ತಿಕೊಂಡರೆ ಎರಡೂ ಕಡೆ ಕೇಳಲೇಬೇಕು. ಈ ಬಿಗಿ ಬಂದದ್ದು 1991ರಿಂದ. ಗಿಲ್ಬರ್ಟ್ ಒಸಲಿವನ್‌ನ ಹಾಡಿನ ಪಿಯಾನೊ ತುಣುಕನ್ನು ಬಿಜ್ ಮಾರ್ಕಿ ಕೇಳದೆ ಬಳಸಿದ್ದ. ನ್ಯಾಯಾಧೀಶರು ತೀರ್ಪನ್ನು "ಕದಿಯಬಾರದು" ಅನ್ನೋ ಬೈಬಲ್ ಆಜ್ಞೆಯಿಂದಲೇ ಶುರು ಮಾಡಿದರು. ಮಾರಾಟ ನಿಂತಿತು. ಬಿಜ್ ತನ್ನ ಮುಂದಿನ ಆಲ್ಬಂಗೆ ಇಟ್ಟ ಹೆಸರು 'ಆಲ್ ಸ್ಯಾಂಪಲ್ಸ್ ಕ್ಲಿಯರ್ಡ್'. ಎಲ್ಲ ಸ್ಯಾಂಪಲ್‌ಗೂ ಅನುಮತಿ ಸಿಕ್ಕಿದೆಯಪ್ಪಾ ಅಂತ. ಸೋತರೂ ನಗೋಕೆ ಗೊತ್ತಿದ್ದ ಮನುಷ್ಯ.

ಆಲ್ಬಂಗೂ ಈ ಗಂಟು ತಪ್ಪಿದ್ದಲ್ಲ. 1989ರ ಡಿ ಲಾ ಸೋಲ್‌ನ ಮೊದಲ ಆಲ್ಬಂ ಸ್ಟ್ರೀಮಿಂಗ್‌ಗೆ ಬರೋಕೆ 2023ರ ಮಾರ್ಚ್ ಆಯಿತು. ಸ್ಯಾಂಪಲ್‌ಗಳ ಲೆಕ್ಕ ಬಿಡಿಸೋಕೆ ಅಷ್ಟು ವರ್ಷ ಹಿಡಿಯಿತು.

"ಪುಕ್ಕಟೆ ಹಂಚಿದರೆ ಅನುಮತಿ ಎಲ್ಲಿ ಅಂತ ಯಾರು ಕೇಳ್ತಾರೆ" ಅನ್ನೋ ಮಾತು ನೀವು ಕೇಳಿರಬಹುದು. ಕೇಳ್ತಾರೆ. 2010ರಲ್ಲಿ ಮ್ಯಾಕ್ ಮಿಲ್ಲರ್ ತನ್ನ 'ಕಿಡ್ಸ್' ಮಿಕ್ಸ್‌ಟೇಪ್‌ನ ಒಂದು ಹಾಡಿಗೆ ಲಾರ್ಡ್ ಫಿನೆಸ್‌ನ ಹಳೇ ಬೀಟ್ ಬಳಸಿದ. ಹಾಡು ಹಬ್ಬಿತು. 2012ರಲ್ಲಿ ಫಿನೆಸ್ 1 ಕೋಟಿ ಡಾಲರ್ ಕೇಳಿ ಮೊಕದ್ದಮೆ ಹೂಡಿದ. ಕೊನೆಗೆ ರಾಜಿಯಾಯಿತು. ಹಾಡು ಮಾರದಿದ್ದರೂ ಅದರಿಂದ ಹೆಸರು ಬಂತು, ಹೆಸರಿನಿಂದ ಶೋ ಬಂತು, ಶೋನಿಂದ ದುಡ್ಡು ಬಂತು ಅನ್ನೋದು ಫಿನೆಸ್ ವಾದ. ನನಗೆ ಇಬ್ಬರ ಮೇಲೂ ಕನಿಕರ ಇದೆ. ತಾನು ಕಟ್ಟಿದ ಬೀಟ್ ಮೇಲೆ ಇನ್ನೊಬ್ಬ ಬೆಳೆದದ್ದನ್ನು ನೋಡಿ ಸುಮ್ಮನಿರೋದು ಸುಲಭ ಅಲ್ಲ.

ಅದಕ್ಕಿಂತ ಜೋರಾಗಿ ಬಿದ್ದ ಏಟು 2007ರ ಜನವರಿಯದ್ದು. ಅಟ್ಲಾಂಟಾದಲ್ಲಿ ಮಿಕ್ಸ್‌ಟೇಪ್‌ಗಳಿಗೆ ಹೆಸರಾದ ಡಿಜೆ ಡ್ರಾಮಾನ ಸ್ಟುಡಿಯೊಗೆ ಪೊಲೀಸರು ನುಗ್ಗಿದರು. ರೆಕಾರ್ಡ್ ಕಂಪನಿಗಳ ಸಂಘವೂ ಇದರಲ್ಲಿ ಕೈಜೋಡಿಸಿತ್ತು. 81,000 ಸಿಡಿ ಹೊತ್ತುಕೊಂಡು ಹೋದರು. ಡ್ರಾಮಾ ಮತ್ತು ಅವನ ಜೊತೆಗಾರ ಡಾನ್ ಕ್ಯಾನನ್ ಮೇಲೆ ಸಂಘಟಿತ ಅಪರಾಧದ ಕಾಯ್ದೆಯಲ್ಲಿ ಕೇಸು ಬಿತ್ತು. ತಮಾಷೆ ಏನೆಂದರೆ, ಹೊಸ ಹುಡುಗರ ಹೆಸರು ಓಡಲಿ ಅಂತ ಇದೇ ಡಿಜೆಗಳಿಗೆ ಹಾಡು ತಂದುಕೊಡುತ್ತಿದ್ದವರಲ್ಲಿ ಆ ಸಂಘದ ಸದಸ್ಯ ಲೇಬಲ್‌ಗಳ ಜನರೂ ಇದ್ದರು. ಒಂದು ಕೈ ಕೊಡುತ್ತಿತ್ತು, ಇನ್ನೊಂದು ಕೈ ಕೋಳ ಹಾಕುತ್ತಿತ್ತು. ಅದೇ ವರ್ಷದ ಕೊನೆಗೆ ಡ್ರಾಮಾ ತನ್ನ ಮಿಕ್ಸ್‌ಟೇಪ್ ಸರಣಿಯ ಹೆಸರಲ್ಲೇ ದೊಡ್ಡ ಲೇಬಲ್‌ನಿಂದ ಆಲ್ಬಂ ಬಿಡುಗಡೆ ಮಾಡಿದ! ದಾಳಿಯ ಮೂರು ತಿಂಗಳಿಗೆ ವೇನ್ 'ಡಾ ಡ್ರೌಟ್ 3' ಬಿಟ್ಟದ್ದು. ಸಿಡಿ ಹಿಡಿದರೇನಂತೆ, ಅಷ್ಟು ಹೊತ್ತಿಗೆ ಮಿಕ್ಸ್‌ಟೇಪ್ ಇಂಟರ್‌ನೆಟ್‌ಗೆ ಹಾರಿಯಾಗಿತ್ತು. ಡ್ಯಾಟ್‌ಪಿಫ್‌ನಂಥ ತಾಣಗಳು 2005ರಿಂದಲೇ ಇದ್ದವು.

ಇಷ್ಟು ಕೇಳಿ "ಹಾಗಾದರೆ ಆಲ್ಬಂ ಬರೀ ಕಟ್ಟುಪಾಡಾ" ಅಂತ ನಿಮಗನ್ನಿಸಬಹುದು. ಇಲ್ಲ. ಅಡ್ಡಗೋಡೆ ಮೇಲೆ ದೀಪ ಇಡದೆ ಹೇಳುತ್ತೇನೆ: ಹತ್ತು ವರ್ಷದ ಮೇಲೂ ನಾನು ಮತ್ತೆ ಮತ್ತೆ ಹೋಗೋದು ಆಲ್ಬಂಗಳ ಹತ್ತಿರವೇ.

ಮಿಕ್ಸ್‌ಟೇಪ್‌ನ ಅರ್ಧ ರುಚಿ ಆ ಕ್ಷಣದ್ದು. ಆ ಬೀಟ್ ಆಗ ಎಲ್ಲರ ಕಿವಿಯಲ್ಲಿ ಇತ್ತು, ಆ ಜಗಳ ಆಗ ಎಲ್ಲರ ಬಾಯಲ್ಲಿ ಇತ್ತು. ಮೂಲ ಗೊತ್ತಿಲ್ಲದವರಿಗೆ ಅಣಕ ಅರ್ಥವಾಗಲ್ಲ. ಅದಕ್ಕೇ ನಿಮಗೆ ಮೊದಲು ಮೈಕ್ ಜೋನ್ಸ್ ಕೇಳಿ ಅಂದದ್ದು. ಎಷ್ಟೋ ಮಿಕ್ಸ್‌ಟೇಪ್‌ಗಳಲ್ಲಿ 25 ಹಾಡು ಇದ್ದರೆ ಆರೇಳು ಬೆಂಕಿ, ಉಳಿದದ್ದು ಗೆಳೆಯರ ವರ್ಸ್, ಫೋನ್ ಮಾತು, ಜಾಗ ತುಂಬಿಸಿದ್ದು. ಯಾರೂ ಬೇಡ ಅನ್ನದೆ ಇದ್ದಾಗ ಆಗೋದೇ ಹಾಗೆ.

'ಇಲ್‌ಮ್ಯಾಟಿಕ್' ನೋಡಿ. 1994ರ ಏಪ್ರಿಲ್. ಹತ್ತು ಟ್ರ್ಯಾಕ್, ಅದರಲ್ಲಿ ಮೊದಲನೆಯದು ಪೀಠಿಕೆ. ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್‌ಇಎಸ್, ಇವರು ಪ್ರೊಡ್ಯೂಸರ್‌ಗಳು, ಅಂದರೆ ಬೀಟ್ ಕಟ್ಟಿದವರು. ಹೊರಗಿನಿಂದ ಬಂದು ವರ್ಸ್ ಹೇಳಿದ ರ‍್ಯಾಪರ್ ಎಝಡ್ ಒಬ್ಬನೇ. ಎಝಡ್ ಇರುವ ಆ ಹಾಡಿನ ಕೊನೆಗೆ ಒಂದು ಕೊರ್ನೆಟ್ ವಾದ್ಯ ಮೆಲ್ಲಗೆ ಕೇಳಿಸುತ್ತೆ. ನುಡಿಸಿದವರು ನಾಸ್‌ನ ತಂದೆ, ಜಾಝ್ ಕಲಾವಿದ ಓಲು ಡಾರ. ಮಗ ಮಾತಾಡಿ ಮುಗಿಸುತ್ತಾನೆ, ಅಪ್ಪ ಮಾತಿಲ್ಲದೆ ಆ ಹಾಡನ್ನು ಮುಚ್ಚುತ್ತಾನೆ. ನಾನು ಅದನ್ನು ನೂರು ಸಲವಾದರೂ ಕೇಳಿದ್ದೇನೆ. ಅದಕ್ಕೆ ಯಾವ ಮೂಲ ಬೀಟೂ ಗೊತ್ತಿರಬೇಕಿಲ್ಲ, 1994ರ ಜಗಳಗಳೂ ಗೊತ್ತಿರಬೇಕಿಲ್ಲ.

ಕೆಂಡ್ರಿಕ್ ಲಮಾರ್‌ನ 2015ರ 'ಟು ಪಿಂಪ್ ಎ ಬಟರ್‌ಫ್ಲೈ' ಇನ್ನೂ ಮುಂದೆ ಹೋಗುತ್ತೆ. ಕೆಲವು ಹಾಡಿನ ಕೊನೆಗೆ ಅವನು ಒಂದು ಪದ್ಯ ಓದುತ್ತಾನೆ. ಮೊದಲ ಸಲ ಸ್ವಲ್ಪ, ಮುಂದಿನ ಸಲ ಅದಕ್ಕೇ ಇನ್ನಷ್ಟು ಸೇರಿಸಿ, ಹೀಗೆ ಬೆಳೆಸುತ್ತಾ ಹೋಗುತ್ತಾನೆ. ಯಾರಿಗೆ ಓದುತ್ತಿದ್ದಾನೆ ಅಂತ ಗೊತ್ತಾಗೋದು ಕೊನೇ ಹಾಡಿನಲ್ಲಿ. ಆಗಲೇ ತೀರಿಕೊಂಡಿದ್ದ ರ‍್ಯಾಪರ್ ಟುಪಾಕ್‌ಗೆ. ಹಳೇ ಸಂದರ್ಶನವೊಂದರ ಟುಪಾಕ್ ದನಿ ಎದುರಿನಿಂದ ಉತ್ತರ ಕೊಡುತ್ತೆ. ಶಫಲ್ ಹಾಕಿ ಕೇಳಿದವರಿಗೆ ಇದು ಸಿಗೋದೇ ಇಲ್ಲ. ಇಂಥದ್ದಕ್ಕೆ ಸಮಯ ಬೇಕು, ವಾದ್ಯದವರಿಗೆ ಕೊಡೋಕೆ ದುಡ್ಡು ಬೇಕು, ಆ ಹಳೇ ದನಿಗೆ ಅನುಮತಿ ಬೇಕು. ಆಲ್ಬಂನ ಯಂತ್ರ ಇರೋದು ಇದಕ್ಕೇ.

ಆದರೂ "ಆಲ್ಬಂ ಅಂದರೆ ಒಗ್ಗಟ್ಟು, ಮಿಕ್ಸ್‌ಟೇಪ್ ಅಂದರೆ ಚೆಲ್ಲಾಪಿಲ್ಲಿ" ಅಂತ ಸೂತ್ರ ಮಾಡಿಕೊಳ್ಳಬೇಡಿ. ಫ್ಯೂಚರ್ ಅನ್ನೋ ರ‍್ಯಾಪರ್ ಆ ಸೂತ್ರವನ್ನು ತಲೆಕೆಳಗೆ ಮಾಡಿದ. ಅವನ 2014ರ ಆಲ್ಬಂ 'ಆನೆಸ್ಟ್' ಎಲ್ಲರನ್ನೂ ಮೆಚ್ಚಿಸೋಕೆ ಹೋಗಿ ಯಾರಿಗೂ ಪೂರ್ತಿ ಸೇರಲಿಲ್ಲ. ಅದೇ ಅಕ್ಟೋಬರ್‌ನಿಂದ ಮುಂದಿನ ಮಾರ್ಚ್ ಒಳಗೆ ಮೂರು ಪುಕ್ಕಟೆ ಮಿಕ್ಸ್‌ಟೇಪ್ ಬಿಟ್ಟ: 'ಮಾನ್‌ಸ್ಟರ್', 'ಬೀಸ್ಟ್ ಮೋಡ್', '56 ನೈಟ್ಸ್'. ಒಂದೊಂದಕ್ಕೂ ಮುಖ್ಯವಾಗಿ ಒಬ್ಬೊಬ್ಬ ಪ್ರೊಡ್ಯೂಸರ್. ಮೆಟ್ರೊ ಬೂಮಿನ್, ಝೇಟೊವನ್, ಸೌತ್‌ಸೈಡ್. ಆದ್ದರಿಂದ ಒಂದೊಂದೂ ಒಂದೇ ಬಣ್ಣದಲ್ಲಿ ಅದ್ದಿ ತೆಗೆದ ಹಾಗಿದೆ, ಆಲ್ಬಂಗಿಂತ ಬಿಗಿ. 56 ಅನ್ನೋ ಲೆಕ್ಕ ಅವನ ಡಿಜೆ ಎಸ್ಕೊ ದುಬೈ ಜೈಲಿನಲ್ಲಿ ಕಳೆದ ರಾತ್ರಿಗಳದ್ದು. ಫ್ಯೂಚರ್‌ನ ರೆಕಾರ್ಡಿಂಗ್‌ಗಳಿದ್ದ ಹಾರ್ಡ್ ಡ್ರೈವ್ ಕೂಡ ಎಸ್ಕೊ ಜೊತೆಗೇ ಸಿಕ್ಕಿಬಿದ್ದಿತ್ತು. ಈ ಮೂರರ ಬೆನ್ನಿಗೆ 2015ರ ಜುಲೈನಲ್ಲಿ 'ಡಿಎಸ್2' ಆಲ್ಬಂ ಬಂದು ನೇರ ಮೊದಲ ಸ್ಥಾನಕ್ಕೆ ಹೋಯಿತು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಲೇಬಲ್ ಕೊಡುವ ಅಡ್ವಾನ್ಸ್ ಬಹುಮಾನ ಅಲ್ಲ, ಮುಂದೆ ಬರುವ ಪಾಲಿನಲ್ಲಿ ಮುರಿದುಕೊಳ್ಳುವ ಹಣ. ಸ್ಟುಡಿಯೊ ಖರ್ಚು, ಸ್ಯಾಂಪಲ್‌ಗೆ ಕೊಟ್ಟದ್ದು, ಸಾಮಾನ್ಯವಾಗಿ ಎಲ್ಲ ಅದೇ ಲೆಕ್ಕಕ್ಕೆ. ಮಿಕ್ಸ್‌ಟೇಪ್‌ನಿಂದ ನೇರ ದುಡ್ಡಿಲ್ಲ, ಆದರೆ ಸಾಲವೂ ಇಲ್ಲ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವನು ನಿಪ್ಸಿ ಹಸಲ್. 2013ರಲ್ಲಿ 'ಕ್ರೆನ್ಶಾ' ಮಿಕ್ಸ್‌ಟೇಪ್ ಅನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಬಿಟ್ಟ. ಜೊತೆಗೆ 1,000 ಪ್ರತಿ ಮಾತ್ರ ಅಚ್ಚು ಹಾಕಿಸಿ ಒಂದೊಂದಕ್ಕೆ 100 ಡಾಲರ್ ಬೆಲೆ ಇಟ್ಟ. ಜನ ನಕ್ಕರು. ಜೇ-ಝಿ ಒಬ್ಬನೇ 100 ಪ್ರತಿ ಕೊಂಡ.

ಈಗಿನ ಗೊಂದಲ ಶುರುವಾದದ್ದು ಡ್ರೇಕ್‌ನಿಂದ ಅನ್ನಬಹುದು. 2009ರಲ್ಲಿ 'ಸೋ ಫಾರ್ ಗಾನ್' ಅನ್ನು ಪುಕ್ಕಟೆ ಬಿಟ್ಟ, ಆದರೆ ಕೇಳಿದರೆ ಅದು ಅಳೆದು ತೂಗಿ ಮಾಡಿದ ಆಲ್ಬಂ ತರಹವೇ ಇತ್ತು. 2015ರಲ್ಲಿ ಇನ್ನೊಂದನ್ನು ಮಿಕ್ಸ್‌ಟೇಪ್ ಅಂತ ಕರೆದು ದುಡ್ಡಿಗೆ ಮಾರಿದ, ಅದು ಗ್ರ್ಯಾಮಿಯ ಅತ್ಯುತ್ತಮ ರ‍್ಯಾಪ್ ಆಲ್ಬಂ ಪಟ್ಟಿಗೂ ಹೋಯಿತು. ಚಾನ್ಸ್ ದ ರ‍್ಯಾಪರ್‌ನ 2016ರ 'ಕಲರಿಂಗ್ ಬುಕ್' ಅಂತೂ ಮಾರಾಟಕ್ಕೇ ಇರಲಿಲ್ಲ. ಆದರೂ 2017ರಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಂ ಗ್ರ್ಯಾಮಿ ಅದಕ್ಕೇ ಬಂತು. ಎರಡು ವಾರ ತಮ್ಮಲ್ಲಿ ಮಾತ್ರ ಇರಲಿ ಅಂತ ಆ್ಯಪಲ್ ತನಗೆ 5 ಲಕ್ಷ ಡಾಲರ್ ಕೊಟ್ಟಿತು ಅಂತ ಅವನೇ ಹೇಳಿದ. ಪುಕ್ಕಟೆ ಅನ್ನೋ ಪದಕ್ಕೆ ಎಷ್ಟೊಂದು ಅರ್ಥ ನೋಡಿ.

ಆಮೇಲೆ ಆಲ್ಬಂಗಳೇ ಮಿಕ್ಸ್‌ಟೇಪ್‌ನಷ್ಟು ಉದ್ದ ಆದವು. 2014ರ ಕೊನೆಯಿಂದ, ಮಾರಾಟದ ಪಟ್ಟಿ ಮಾಡುವ ಬಿಲ್‌ಬೋರ್ಡ್ ಪತ್ರಿಕೆ 1,500 ಸ್ಟ್ರೀಮ್‌ಗಳನ್ನು ಒಂದು ಆಲ್ಬಂ ಮಾರಾಟಕ್ಕೆ ಸಮ ಅಂತ ಎಣಿಸತೊಡಗಿತು. ಹಾಡು ಜಾಸ್ತಿ ಇದ್ದಷ್ಟೂ ಲೆಕ್ಕ ಜಾಸ್ತಿ. 2018ರಲ್ಲಿ ಮೀಗೋಸ್‌ನ 'ಕಲ್ಚರ್ 2'ದಲ್ಲಿ 24 ಹಾಡು, ಡ್ರೇಕ್‌ನ 'ಸ್ಕಾರ್ಪಿಯನ್'ನಲ್ಲಿ 25. ಅದೇ ವರ್ಷ ಪುಷಾ ಟಿ ಏನು ಮಾಡಿದ ಗೊತ್ತಾ? ಕ್ಲಿಪ್ಸ್ ಜೋಡಿಯಲ್ಲಿ ಒಬ್ಬ, ಮಿಕ್ಸ್‌ಟೇಪ್‌ನಿಂದ ಬದುಕಿ ಉಳಿದವನು. ಏಳೇ ಹಾಡಿನ, 21 ನಿಮಿಷದ 'ಡೇಟೋನಾ' ಆಲ್ಬಂ ಬಿಟ್ಟ. ಒಂದು ಸಾಲು ಕೂಡ ಜಾಸ್ತಿ ಇಲ್ಲ. 2021ರಲ್ಲಿ ಟೈಲರ್ ದ ಕ್ರಿಯೇಟರ್ ಇನ್ನೊಂದು ದಾರಿ ಹಿಡಿದ. ದೊಡ್ಡ ಲೇಬಲ್‌ನ ಆಲ್ಬಂ, ಎಲ್ಲ ಅನುಮತಿ ಪಡೆದದ್ದು, ಆದರೆ ಉದ್ದಕ್ಕೂ ಮೇಲೆ ಕೂಗುತ್ತಿರೋದು ಯಾರು? ಅದೇ ಡಿಜೆ ಡ್ರಾಮಾ. 14 ವರ್ಷದ ಹಿಂದೆ ಯಾವುದಕ್ಕೆ ಜೈಲು ತೋರಿಸಿದ್ದರೋ, ಅದೇ ಶೈಲಿಗೆ ಗ್ರ್ಯಾಮಿ ಕೊಟ್ಟರು.

ಇನ್ನು ನೀವು ಹೇಗೆ ಕೇಳಬೇಕು ಅನ್ನೋದು. ರ‍್ಯಾಪರ್‌ನ ಕೈಚಳಕ ನೋಡಬೇಕಾದರೆ ಮಿಕ್ಸ್‌ಟೇಪ್‌ಗೆ ಹೋಗಿ, ಮೂಲ ಹಾಡನ್ನು ಪಕ್ಕದಲ್ಲೇ ಇಟ್ಟುಕೊಳ್ಳಿ. ಆಲ್ಬಂ ಆದರೆ ಶಫಲ್ ಬಂದ್ ಮಾಡಿ, ಮೊದಲಿಂದ ಕೊನೆವರೆಗೆ ಒಂದೇ ಕೂತಿಗೆ ಕೇಳಿ. ವೇನ್‌ನ ಮಟ್ಟಿಗೆ ನನ್ನ ತೀರ್ಪು ಕೇಳಿದರೆ, ನಿಮ್ಮ ಹಳಬರು ಹೇಳಿದ್ದು ಸರಿ. 'ಕಾರ್ಟರ್ 3' ಮೊದಲ ವಾರದಲ್ಲೇ ಹತ್ತು ಲಕ್ಷ ದಾಟಿದ ಆಲ್ಬಂ, ನಿಜ. ಆದರೆ ಆ ಜನರನ್ನು ಅಂಗಡಿ ಬಾಗಿಲಿಗೆ ತಂದು ನಿಲ್ಲಿಸಿದ್ದು ಹಿಂದಿನ ಎರಡು ವರ್ಷದ ಮಿಕ್ಸ್‌ಟೇಪ್‌ಗಳು, 2006ರ 'ಡೆಡಿಕೇಶನ್ 2' ಮತ್ತು ಈ 'ಡಾ ಡ್ರೌಟ್ 3'. 50 ಸೆಂಟ್ ವಿಷಯದಲ್ಲಿ ಮಾತ್ರ ನಾನು ಆಲ್ಬಂ ಕಡೆ. ನಾಸ್ ಬಗ್ಗೆ ಪ್ರಶ್ನೆಯೇ ಇಲ್ಲ.

ಆ್ಯಪ್‌ನಲ್ಲಿ ಸಿಗೋದನ್ನು ಪೂರ್ತಿ ಅಂತ ನಂಬಬೇಡಿ. ಚಾನ್ಸ್‌ನ 2013ರ 'ಆ್ಯಸಿಡ್ ರ‍್ಯಾಪ್' 2019ರಲ್ಲಿ ಸ್ಟ್ರೀಮಿಂಗ್‌ಗೆ ಬಂದಾಗ 'ಜ್ಯೂಸ್' ಹಾಡಿದ್ದ ಜಾಗದಲ್ಲಿ ಹಾಡೇ ಇರಲಿಲ್ಲ. ಸ್ಯಾಂಪಲ್‌ಗೆ ಅನುಮತಿ ಸಿಕ್ಕಿರಲಿಲ್ಲ. ಅಲ್ಲಿ ಚಾನ್ಸ್ ಅರ್ಧ ನಿಮಿಷ ಮಾತಾಡಿ, ಇದನ್ನು ಕೇಳಿದ್ದರಿಂದ ಬರುವ ಹಣ ತನ್ನ ಸೇವಾ ಸಂಸ್ಥೆಗೆ ಹೋಗುತ್ತೆ ಅಂತ ಹೇಳಿದ್ದ. ನನ್ನ ಹತ್ತಿರ ಹಳೇ ಮಿಕ್ಸ್‌ಟೇಪ್‌ಗಳ ಒಂದು ರಾಶಿಯೇ ಇತ್ತು. ಹಾರ್ಡ್ ಡಿಸ್ಕ್ ಕೆಟ್ಟು ಎಲ್ಲ ಹೋಯಿತು, ಇನ್ನೊಂದು ಪ್ರತಿ ಇಟ್ಟುಕೊಳ್ಳದ ತಪ್ಪು ನನ್ನದೇ. ಕೆಲವು ಮತ್ತೆ ಸಿಕ್ಕಿವೆ, ಡ್ಯಾಟ್‌ಪಿಫ್‌ನ ಹಳೇ ಸಂಗ್ರಹ ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇದೆ. ಅಲ್ಲಿ ಹುಡುಕಿ. ಫೈಲ್‌ಗಳ ಹೆಸರು ತಪ್ಪಿರಬಹುದು, ಕ್ರಮ ಅದಲುಬದಲಾಗಿರಬಹುದು, ಹಳೇ ಹಾಡುಪಟ್ಟಿ ನೋಡಿ ಸರಿ ಮಾಡಿಕೊಳ್ಳಿ. ನಿಮಗೆ ಸಿಕ್ಕ 'ನೋ ಸೀಲಿಂಗ್ಸ್' 2020ರಲ್ಲಿ ಆ್ಯಪ್‌ಗಳಿಗೆ ಅಂತ ಕತ್ತರಿಸಿದ್ದು. ಅದನ್ನೂ 2009ರ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಬಿಟ್ಟುಹೋದ ಒಂದೊಂದು ಹಾಡು ಯಾರ ಬೀಟ್ ಮೇಲಿತ್ತು ಅಂತ ಹುಡುಕಿ ನೋಡಿ. ಒಂದು ಸಂಜೆ ಆರಾಮಾಗಿ ಕಳೆಯುತ್ತೆ.